ತೂತಿನ ಕಸುಬು

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ
ಮಾರುತ್ತಿದ್ದದ್ದು ತೂತು.
ನಗಬೇಡಿ. ಹಿತ್ತಾಳೆಗೆ ಅಂಥ ಬೆಲೆಯಿಲ್ಲ,
ತೂಕಕ್ಕೆ ಹಾಕಿದರೆ ಗುಜರಿ.
ಅದರ ನಡುವೆ ಕೂದಲೆಳೆಯಷ್ಟು ಖಾಲಿ ಬಿಡುತ್ತಿದ್ದೆವಲ್ಲ,
ಆ ಖಾಲಿಗೆ ದುಡ್ಡು.

ಕಾರ್ಬೊರೇಟರಿನ ಜೆಟ್ಟು.
ಮಿಲಿಮೀಟರನ್ನು ನೂರು ಮಾಡಿದರೆ ಮೂವತ್ತೆಂಟು ಪಾಲು.
ಒಂದು ಪಾಲು ಹೆಚ್ಚಾದರೆ ಗಾಡಿ ಕುಡುಕ,
ಕಡಿಮೆಯಾದರೆ ಯಶವಂತಪುರದ ಮೇಲ್ಸೇತುವೆ ಹತ್ತುವಾಗ
ಕೆಮ್ಮಿ ನಿಲ್ಲುತ್ತದೆ.
ಇಪ್ಪತ್ತೆರಡು ವರ್ಷ ಬೆಳಕಿಗೆ ಹಿಡಿದು ನೋಡಿದವಳು ನಾನು,
ದಿನಕ್ಕೆ ಸಾವಿರ ತೂತು.
ಮನೆಯಲ್ಲಿ ಅಕ್ಕಿ ಆರಿಸುವಾಗಲೂ
ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಆಮೇಲೆ ಬ್ಯಾಟರಿ ಗಾಡಿಗಳು ಸದ್ದಿಲ್ಲದೆ ಬಂದವು.
ನಿಜಕ್ಕೂ ಸದ್ದಿಲ್ಲದೆ:
ಟೀ ಅಂಗಡಿಯೆದುರು ಒಂದು ನನ್ನ ಸೆರಗಿಗೆ ತಗುಲಿದ ಮೇಲೇ
ಬಂದದ್ದು ಗೊತ್ತಾಯಿತು.
ಹುಡುಗ "ಸಾರಿ ಆಂಟಿ" ಅಂದ.
ನಾನು ಬಗ್ಗಿ ಅದರ ಹೊಟ್ಟೆ ನೋಡಿದೆ.
ಟ್ಯಾಂಕಿಲ್ಲ, ಹೊಗೆಕೊಳವೆಯಿಲ್ಲ,
ನಮ್ಮ ತೂತು ಕೂರುವ ಜಾಗವೇ ಇಲ್ಲ.

ತಿಂಗಳ ಆರ್ಡರು ನಲವತ್ತು ಸಾವಿರದಿಂದ ಹದಿನೈದಕ್ಕೆ,
ಹದಿನೈದರಿಂದ ಮೂರಕ್ಕೆ.
ಸಂಪಂಗಪ್ಪನವರು ಮೀಟಿಂಗ್ ಕರೆದರು.
ಎಂಟು ಜನ, ಐದು ಸ್ಟೂಲು,
ಕೋರಮಂಗಲದಿಂದ ಬಂದ ಒಬ್ಬ ಕನ್ಸಲ್ಟೆಂಟು.
ಅವನು ಬಿಳಿ ಹಲಗೆಯ ಮೇಲೆ ಬಾಣ ಬರೆದು
"ನೀವೀಗ ಪಿವಟ್ ಮಾಡಬೇಕು" ಅಂದ.
ಲೇತಿಗೆ ಒರಗಿದ್ದ ಅಮೀರ್‌ಜಾನ್ ಬೀಡಿ ಕಿವಿಗೆ ಸಿಕ್ಕಿಸಿ ಕೇಳಿದ:
"ಎಷ್ಟು ಎಂಎಂದು ಸಾರ್?
ಡ್ರಾಯಿಂಗ್ ಕೊಡಿ, ನಾಳೆನೇ ಮಾಡಿಕೊಡ್ತೀನಿ."

ಮೊದಲು ಶಾವಿಗೆ ಒರಳಿನ ಬಿಲ್ಲೆ ಮಾಡಿದೆವು.
ತೂತು ಎಷ್ಟು ಸಣ್ಣವೆಂದರೆ ಹಿಟ್ಟು ಒಳಗೇ ಕಲ್ಲಾಯಿತು,
ಯಜಮಾನರ ಹೆಂಡತಿ ಒತ್ತೀ ಒತ್ತೀ ಭುಜ ಉಳುಕಿಸಿಕೊಂಡರು.
ಆಮೇಲೆ ಊದುಬತ್ತಿ ಮಿಷನ್ನಿನ ಬಾಯಿ. ಅದು ಸರಿಹೋಯಿತು.
ಮಾಗಡಿ ರಸ್ತೆಯವನು ಮೂರು ತಿಂಗಳು ಒಯ್ದು ಚೆಕ್ಕು ಕೊಟ್ಟ,
ಬ್ಯಾಂಕಿನಲ್ಲಿ ಅವನ ಖಾತೆಗೂ ತೂತು.
ಎಲ್ಲರ ಮನೆ ದೋಸೆಯೂ ತೂತೇ ಅಂತ ನಕ್ಕೆವು.
ಆ ವಾರವೇ ಇಬ್ಬರು ಬಿಟ್ಟುಹೋದರು.
ಅವರಲ್ಲೊಬ್ಬ ಈಗ ಅದೇ ಸದ್ದಿಲ್ಲದ ಗಾಡಿಯಲ್ಲಿ
ಊಟದ ಪೊಟ್ಟಣ ಹಂಚುತ್ತಾನೆ.

ಐಟಿಐಯಿಂದ ಕಲಿಯಲು ಬಂದ ಹೊಂಬಾಳಮ್ಮನಿಗೆ ಉಬ್ಬಸ.
ಆವಿ ಎಳೆದುಕೊಳ್ಳುವ ಬಟ್ಟಲು ಬಿದ್ದು ಒಡೆದ ದಿನ
ನನ್ನ ಭೂತಗನ್ನಡಿ ಕಸಿದುಕೊಂಡಳು.
ಏದುಸಿರು ಬಿಡುತ್ತಲೇ ನೋಡಿದಳು.
"ಅಕ್ಕಾ, ಇದರಲ್ಲೂ ಜೆಟ್ಟಿದೆ."

ಇತ್ತು. ಆದರೆ ಪ್ಲಾಸ್ಟಿಕ್ಕು.
ಅಲ್ಲಿ ತೂತು ಕೊರೆಯುವುದಿಲ್ಲ,
ತೂತಿನಷ್ಟೇ ದಪ್ಪದ ಉಕ್ಕಿನ ಕಡ್ಡಿಯನ್ನು ಅಚ್ಚಿನೊಳಗೆ ನಿಲ್ಲಿಸಿ
ಸುತ್ತ ಸುರಿಯುತ್ತಾರೆ.
ಅವರಿಗೆ ಬೇಕಾದ್ದು ತೂತಲ್ಲ, ತೂತಿನ ಒಳಗಿನದು.
ಅಮೀರ್‌ಜಾನ್ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ.
ನಾಲ್ಕನೇ ದಿನ,
"ಇಷ್ಟು ವರ್ಷ ತೆಗೆದದ್ದನ್ನೆಲ್ಲ ಈಗ ವಾಪಸ್ ಕೊಡಬೇಕಾ?"
ಅಂತ ಗ್ರೈಂಡರಿನ ಸ್ವಿಚ್ಚು ಹಾಕಿದ.

ಉಪ್ಪಿನಕಾಯಿ ಬಾಟಲಿಯಲ್ಲಿ ಬಾಗಿದ ಕಡ್ಡಿಗಳಿವೆ,
ತೊಂಬತ್ತೊಂದು.
ಹೊಂಬಾಳಮ್ಮ ಎಸೆಯಲು ಬಿಡುವುದಿಲ್ಲ,
ಒಂದೊಂದಕ್ಕೂ ಚೀಟಿ ಅಂಟಿಸಿದ್ದಾಳೆ:
ಹದ ಜಾಸ್ತಿ. ಕರೆಂಟು ಹೋಯಿತು. ಅವಸರ.
ಸ್ಯಾಂಪಲ್ಲು ಮೂರು ಸಲ ತಿರಸ್ಕಾರವಾಯಿತು.
ನಾಲ್ಕನೆಯದಕ್ಕೆ ಬಂತು ಆರ್ಡರು, ಇನ್ನೂರು ಕಡ್ಡಿ.
ಇನ್ನೂರರಲ್ಲಿ ಆರು ಜನರ ಹೊಟ್ಟೆ ತುಂಬುವುದಿಲ್ಲ, ಗೊತ್ತು.
ಕಲಾಸಿಪಾಳ್ಯದ ಮೆಕ್ಯಾನಿಕ್ಕುಗಳು ಹಳೇ ಗಾಡಿಗೆಂದು
ತಿಂಗಳಿಗೆ ಒಂದಿಷ್ಟು ಜೆಟ್ಟು ಒಯ್ಯುತ್ತಾರೆ,
ಅದಕ್ಕೆಂದು ಒಂದು ಮಿಷನ್ನು ಉಳಿಸಿಕೊಂಡಿದ್ದೇವೆ.

ನನ್ನ ಕಣ್ಣು ಮಾತ್ರ ಇನ್ನೂ ಒಗ್ಗಿಲ್ಲ.
ಕಡ್ಡಿಯನ್ನು ಬೆಳಕಿಗೆ ಹಿಡಿಯುತ್ತೇನೆ, ಹಳೇ ರೂಢಿ.
ಆಚೆ ಏನೂ ಕಾಣುವುದಿಲ್ಲ.
ಹಿಂದುಗಡೆ ಹೊಂಬಾಳಮ್ಮನ ಹೊಸ ಬಟ್ಟಲು ಗುಂಯ್ ಅನ್ನುತ್ತದೆ.
ಅದರಲ್ಲಿರುವುದು ಯಾರ ತೂತೋ,
ಕೆಲಸ ಬಿಟ್ಟು ಕೇಳುತ್ತೇನೆ.